ಮುದ್ದೆ ತಿರುವುವ ತೋಳು ಮರಳಿ ಬರಲು ಎಷ್ಟು ದಿನ ಬೇಕು?

ಮುದ್ದೆಕೋಲು, ತುಮಕೂರು (ಜೂನ್ 8, ರಾತ್ರಿ 9:40)

ನಮಸ್ಕಾರ. ನನಗೆ 56 ವರ್ಷ, ಮನೆ ಬಟವಾಡಿ ಕಡೆ. ಕಳೆದ ಗೌರಿ ಹಬ್ಬಕ್ಕೆ ಒಂದು ವಾರ ಮುಂಚೆ ನನ್ನ ಬಲಗಡೆಯ ಸ್ತನವನ್ನೂ ಕಂಕುಳಿನ ಗ್ರಂಥಿಗಳನ್ನೂ ತೆಗೆದರು. ಆಮೇಲೆ 8 ಕೀಮೋ, 15 ದಿನ ರೇಡಿಯೇಷನ್. ಊರಿನವರು ಅದಕ್ಕೆ ಕರೆಂಟು ಕೊಡುವುದು ಎನ್ನುತ್ತಾರೆ. ಕೊಟ್ಟರೋ ನನ್ನಲ್ಲಿದ್ದುದನ್ನೇ ಎಳೆದುಕೊಂಡರೋ ತಿಳಿಯದು. ಯುಗಾದಿಯಾದ ಹದಿನೈದು ದಿನಕ್ಕೆ ಎಲ್ಲ ಮುಗಿಯಿತು. ಈಗ ದಿನಕ್ಕೊಂದು ಮಾತ್ರೆ, ಐದು ವರ್ಷ ನುಂಗಬೇಕಂತೆ.

"ಎಲ್ಲ ಚೆನ್ನಾಗಿದೆ, ಮೂರು ತಿಂಗಳು ಬಿಟ್ಟು ಬನ್ನಿ" ಎಂದು ಡಾಕ್ಟರು ಕಳಿಸಿದರು. ಕಾಗದದ ಮೇಲೆ ಚೆನ್ನಾಗಿದ್ದೇನೆ. ಮನೆಯಲ್ಲಿ ಹೇಗಿದ್ದೇನೆಂದರೆ, ಸ್ನಾನ ಮಾಡಿ ಬಂದರೆ ಒಂದು ಗಂಟೆ ಮಲಗಬೇಕು. ಮಲಗಿ ಎದ್ದರೂ ಸುಸ್ತು ಹಾಗೆಯೇ ಇರುತ್ತದೆ. ಬಲಗೈ ಭುಜದ ಮಟ್ಟಕ್ಕೆ ಏರಿ ನಿಂತುಬಿಡುತ್ತದೆ. ಕಂಕುಳಿನಿಂದ ಮೊಣಕೈವರೆಗೆ ಒಳಗೆ ವೀಣೆಯ ತಂತಿ ಬಿಗಿದಂತೆ ಎಳೆಯುತ್ತದೆ. ಜಡೆ ಹಾಕಿಕೊಳ್ಳುವ ಕಷ್ಟ ಸದ್ಯಕ್ಕಿಲ್ಲ, ಕೂದಲು ಈಗತಾನೆ ಅರ್ಧ ಬೆರಳು ಬಂದಿದೆ.

ಮದುವೆಯಾಗಿ ಬಂದಾಗಿನಿಂದ ಈ ಮನೆಯ ಏಳು ಜನರ ಮುದ್ದೆಯನ್ನು ನಾನೇ ತಿರುವಿದವಳು. ಪಾತ್ರೆ ಅಲುಗದಂತೆ ಕವೆಗೋಲಿನಿಂದ ಅದುಮಿ, ಒಂದೇ ಒಂದು ಗಂಟಿಲ್ಲದೆ. ಈಗ ಸೊಸೆ ಕೋಲು ಮುಟ್ಟಲು ಬಿಡುವುದಿಲ್ಲ. ಕೋಲು ಹಾಗಿರಲಿ, ಲೋಟ ತೊಳೆಯಲು ಹೋದರೂ ಕೈಯಿಂದ ಕಿತ್ತುಕೊಳ್ಳುತ್ತಾಳೆ. ಬಚ್ಚಲ ಮನೆಯ ಚಿಲಕ ಹಾಕಬಾರದೆಂದು ಮಗ ಅಪ್ಪಣೆ ಮಾಡಿದ್ದಾನೆ. ಒಳ್ಳೆಯ ಮಕ್ಕಳೇ, ದೂರಲು ನನಗೇನೂ ಕಾರಣವಿಲ್ಲ. ಆದರೆ ಅವರು ಒಳ್ಳೆಯವರಾದಷ್ಟೂ ನಾನು ಮೂಲೆಯ ಗೊಂಬೆಯಾಗುತ್ತಿದ್ದೇನೆ.

ಈ ದಾರಿಯಲ್ಲಿ ಹೋಗಿ ಬಂದವರು ಹೇಳಿ. ಆ ತೋಳು ವಾಪಸು ಬರುತ್ತದೆಯೇ? ಬರಬೇಕಾದರೆ ನಾನೇನು ಮಾಡಬೇಕು?

ಪಥ್ಯಪಾಲಕ, ಕುಣಿಗಲ್ (ಜೂನ್ 8, ರಾತ್ರಿ 10:15)

ತಾಯಿ, ಆತುರ ಬೇಡ. ಇಂತಹ ದೊಡ್ಡ ಚಿಕಿತ್ಸೆಯೆಂದರೆ ಹೆರಿಗೆಯಾದ ಹಾಗೆ. ಬಾಣಂತಿಯನ್ನು ನೋಡಿಕೊಳ್ಳುವಂತೆ ಆರು ತಿಂಗಳು ಮಂಚದಿಂದ ಇಳಿಸಬಾರದು. ಮೊಟ್ಟೆ, ಬದನೆಕಾಯಿ, ಕೋಳಿ ಎಲ್ಲ ನಂಜು, ಗಾಯ ಒಳಗೇ ಕೀವಾಗುತ್ತದೆ. ಹಾಲು ಸಹ ಬೇಡ. ಬರೀ ಗಂಜಿ, ಸೊಪ್ಪಿನ ರಸ. ನಿಮ್ಮ ಸೊಸೆ ಪುಣ್ಯವಂತೆ, ಅವಳು ಹೇಳಿದಂತೆ ಕೇಳಿ.

ಗುಬ್ಬಿ ತೋಟ (ಜೂನ್ 9, ಬೆಳಿಗ್ಗೆ 5:50)

ಪಥ್ಯದ ಸ್ವಾಮಿಗಳೇ, ನಿಮ್ಮ ಮಾತನ್ನು ನನಗೂ ಒಬ್ಬರು ಹೇಳಿದ್ದರು, ನಾನೂ ನಂಬಿದೆ. ಎರಡು ತಿಂಗಳು ಗಂಜಿ ಕುಡಿದು ಮಂಚದ ಮೇಲಿದ್ದೆ. 68 ಕೆಜಿ ಇದ್ದವನು 51ಕ್ಕೆ ಇಳಿದೆ. ಎದ್ದು ನಿಂತರೆ ಪಂಚೆಯೇ ಕೆಳಗೆ ಬೀಳುತ್ತಿತ್ತು.

ಅಕ್ಕ, ನನ್ನದು ಬಾಯಿಯ ಕ್ಯಾನ್ಸರ್. ಎಡಗೆನ್ನೆ. ಕಿದ್ವಾಯಿಯಲ್ಲಿ ಆಪರೇಷನ್, ಆಮೇಲೆ 30 ದಿನ ಕರೆಂಟು. ನಾಲ್ಕು ವರ್ಷವಾಯಿತು. ಕುತ್ತಿಗೆಯ ಗ್ರಂಥಿ ತೆಗೆದಿದ್ದರಿಂದ ಎಡಭುಜ ಜಾರಿ ಕುಳಿತಿತ್ತು. ಹೆಗಲ ಮೇಲೆ ಹಾಕಿದ ಟವೆಲ್ ನಿಲ್ಲುತ್ತಿರಲಿಲ್ಲ. ಟವೆಲ್ ನಿಲ್ಲದ ರೈತನನ್ನು ಯಾರು ಲೆಕ್ಕಕ್ಕೆ ತೆಗೆದುಕೊಳ್ಳುತ್ತಾರೆ ಹೇಳಿ. ಬಾಯಿ ಒಂದು ಬೆರಳಿನಷ್ಟು ಮಾತ್ರ ತೆರೆಯುತ್ತಿತ್ತು. ಮೂರು ಬೆರಳು ಅಡ್ಡ ಹಿಡಿಯಬೇಕು, ಅದು ಸರಿಯಾದ ಲೆಕ್ಕ.

ಆಸ್ಪತ್ರೆಯಲ್ಲಿ ಹೇಳಿಕೊಟ್ಟ ಉಪಾಯ ಇದು. ಐಸ್‌ಕ್ಯಾಂಡಿಯ ಕಡ್ಡಿಗಳನ್ನು ಒಂದರ ಮೇಲೊಂದು ಜೋಡಿಸಿ ಹಲ್ಲಿನ ನಡುವೆ ಇಟ್ಟುಕೊಳ್ಳುವುದು, ಅಷ್ಟು ಹೊತ್ತು ಹಾಗೆಯೇ ಇರುವುದು, ನಾಲ್ಕಾರು ದಿನಕ್ಕೆ ಒಂದು ಕಡ್ಡಿ ಸೇರಿಸುವುದು. ದಿನಕ್ಕೆ ಐದಾರು ಸಲ ಮಾಡಿದೆ. ಕಣ್ಣಲ್ಲಿ ನೀರು ಬರುತ್ತಿತ್ತು. ಮೊಮ್ಮಗ ಪಕ್ಕದಲ್ಲಿ ಕುಳಿತು ಎಣಿಸುತ್ತಿದ್ದ. 11 ಕಡ್ಡಿಯಿಂದ ಶುರುವಾಗಿದ್ದು 22ಕ್ಕೆ ಬಂತು. ಈಗ ಎರಡೂವರೆ ಬೆರಳು. ಒಂದು ತಿಂಗಳು ಬಿಟ್ಟರೆ ಮತ್ತೆ ಬಿಗಿಯುತ್ತದೆ, ಆದ್ದರಿಂದ ಇವತ್ತಿಗೂ ತೋಟಕ್ಕೆ ಹೋಗುವಾಗ ಜೇಬಿನಲ್ಲಿ ಕಡ್ಡಿ ಇರುತ್ತದೆ.

ನಿಮ್ಮ ತೋಳು ಬರುತ್ತದೆ. ಸುಮ್ಮನೆ ಕುಳಿತರೆ ಬರುವುದಿಲ್ಲ.

ಗೋಡೆಯ ಗೆರೆ (ಫಿಸಿಯೋಥೆರಪಿಸ್ಟ್), ತುಮಕೂರು (ಜೂನ್ 9, ಮಧ್ಯಾಹ್ನ 2:05)

ಅಮ್ಮಾ, ನಿಮ್ಮನ್ನು ಕಣ್ಣಾರೆ ನೋಡದೆ ಬರೆಯುತ್ತಿದ್ದೇನೆ. ಆದ್ದರಿಂದ ಇದನ್ನು ಓದಿದ ಮೇಲೆ ನಿಮ್ಮ ಡಾಕ್ಟರಿಗೆ ತೋರಿಸಿ. ಜಿಲ್ಲಾ ಆಸ್ಪತ್ರೆಯಲ್ಲೂ ಫಿಸಿಯೋಥೆರಪಿ ವಿಭಾಗವಿದೆ, ಒಮ್ಮೆ ಹೋಗಿ ಕೈ ಅಳತೆ ಮಾಡಿಸಿಕೊಳ್ಳಿ.

ಮೊದಲು ಸುಸ್ತಿನ ವಿಷಯ. ದುಡಿದು ಬಂದ ಸುಸ್ತು ಮಲಗಿದರೆ ಹೋಗುತ್ತದೆ. ಕ್ಯಾನ್ಸರ್ ಚಿಕಿತ್ಸೆಯ ಸುಸ್ತು ಮಲಗಿದರೆ ಹೋಗುವುದಿಲ್ಲ, ಎಷ್ಟೋ ಜನರಿಗೆ ತಿಂಗಳುಗಟ್ಟಲೆ ಇರುತ್ತದೆ. ಅದು ಸೋಮಾರಿತನವೂ ಅಲ್ಲ, ರೋಗ ಮರಳಿದ ಗುರುತೂ ಅಲ್ಲ. ಆದರೂ ರಕ್ತ ಕಡಿಮೆಯಾಗಿದೆಯೇ, ಥೈರಾಯ್ಡ್ ಸರಿಯಿದೆಯೇ, ನಿದ್ದೆ ಬರುತ್ತಿದೆಯೇ, ಮನಸ್ಸು ಕುಸಿದಿದೆಯೇ ಎಂದು ಒಮ್ಮೆ ನೋಡಿಸಿಬಿಡಿ. ಇವಕ್ಕೆಲ್ಲ ಔಷಧಿಯಿದೆ. ಇನ್ನೊಂದು ಮಾತು: ಕೆಲವು ಕೀಮೋ ಔಷಧಿಗಳು ಹೃದಯವನ್ನು ತಟ್ಟುತ್ತವೆ. ನಡೆದಾಗ ಉಸಿರು ಕಟ್ಟಿದರೆ, ಕಾಲು ಊದಿದರೆ ಅದನ್ನು ಸುಸ್ತಿನ ಲೆಕ್ಕಕ್ಕೆ ಸೇರಿಸಬೇಡಿ, ಡಾಕ್ಟರ ಬಳಿ ಹೋಗಿ.

ಇವೆಲ್ಲ ಸರಿಯಿದ್ದರೆ ಉಳಿಯುವ ಮದ್ದು ನಡಿಗೆ. ಕೇಳಿದರೆ ತಮಾಷೆಯೆನಿಸುತ್ತದೆ, ನಡೆಯಲಾಗದವಳಿಗೆ ನಡೆಯಲು ಹೇಳುತ್ತಾಳಲ್ಲ ಎಂದು. ಆದರೆ ಮಲಗಿದಷ್ಟೂ ಮಾಂಸಖಂಡ ಕರಗುತ್ತದೆ, ಕರಗಿದಷ್ಟೂ ಎದ್ದು ನಿಲ್ಲುವುದೇ ದೊಡ್ಡ ಕೆಲಸವಾಗುತ್ತದೆ. ಬೆಳಿಗ್ಗೆ 5 ನಿಮಿಷ, ಸಂಜೆ 5 ನಿಮಿಷ, ಮನೆಯ ಮುಂದಿನ ಬೀದಿಯಲ್ಲೇ. ಮಾತನಾಡಲು ಆಗಬೇಕು, ಹಾಡಲು ಆಗಬಾರದು, ಅಷ್ಟು ವೇಗ. ಮೂರು ನಾಲ್ಕು ದಿನಕ್ಕೊಮ್ಮೆ ಒಂದೆರಡು ನಿಮಿಷ ಸೇರಿಸಿ. 2019ರಲ್ಲಿ ಹಲವು ದೇಶಗಳ ತಜ್ಞರು ಕೂಡಿ ಹೇಳಿದ ಲೆಕ್ಕವೇನೆಂದರೆ ವಾರಕ್ಕೆ ಮೂರು ದಿನ 30 ನಿಮಿಷದ ನಡಿಗೆ, ಎರಡು ದಿನ ಸ್ನಾಯು ಬಲದ ವ್ಯಾಯಾಮ, ಕನಿಷ್ಠ 12 ವಾರ. ಅದು ನೀವು ಮುಟ್ಟಬೇಕಾದ ಊರು, ಹೊರಡಬೇಕಾದ ಊರಲ್ಲ.

ಇನ್ನು ಕೈ. ನೀವು ಹೇಳಿದ ವೀಣೆಯ ತಂತಿ ಕಂಕುಳಿನ ಗ್ರಂಥಿ ತೆಗೆದವರಲ್ಲಿ ನಾವು ಆಗಾಗ ಕಾಣುವಂಥದ್ದು, ಎಳೆತದ ವ್ಯಾಯಾಮಕ್ಕೆ ಬಹಳ ಮಟ್ಟಿಗೆ ಬಗ್ಗುತ್ತದೆ. ಗೋಡೆಗೆ ಮುಖ ಮಾಡಿ ನಿಂತು ಬೆರಳುಗಳನ್ನು ಇರುವೆ ಹತ್ತಿದಂತೆ ಮೇಲೆ ಹತ್ತಿಸಿ. ಎಲ್ಲಿಗೆ ನಿಲ್ಲುತ್ತದೋ ಅಲ್ಲಿ ಸೀಮೆಸುಣ್ಣದಿಂದ ಒಂದು ಗೆರೆ ಎಳೆಯಿರಿ. ನಾಳೆ ಆ ಗೆರೆ ಮುಟ್ಟಬೇಕು, ದಾಟಿದರೆ ಲಾಭ. ಎಳೆದ ಅನುಭವ ಇರಲಿ, ಚುಚ್ಚಿದ ನೋವು ಬೇಡ. ರೇಡಿಯೇಷನ್ ಆದ ಜಾಗ ತಿಂಗಳುಗಳ ನಂತರವೂ ಬಿಗಿಯುತ್ತದೆ, ಆದ್ದರಿಂದ ಕೈ ಪೂರ್ತಿ ಮೇಲೆ ಹೋದ ಮೇಲೂ ನಿಲ್ಲಿಸಬೇಡಿ.

ಭಾರ ಎತ್ತಿದರೆ ಕೈ ಊದಿಕೊಳ್ಳುತ್ತದೆ ಎಂದು ನಿಮ್ಮ ಮಕ್ಕಳು ಹೆದರಿರಬಹುದು. ಹಿಂದೆ ನಾವೂ ಹಾಗೆಯೇ ಹೇಳುತ್ತಿದ್ದೆವು. 2009ರಲ್ಲಿ ಬಂದ ಅಮೆರಿಕದ ಒಂದು ಅಧ್ಯಯನ ಅದನ್ನು ತಿರುಗಿಸಿತು. ತರಬೇತಿದಾರರ ಕಣ್ಣಮುಂದೆ, ಬಹಳ ನಿಧಾನವಾಗಿ ಭಾರ ಹೆಚ್ಚಿಸಿಕೊಂಡು ಹೋದ ಹೆಂಗಸರಲ್ಲಿ ಊತ ಹೆಚ್ಚಾಗಲಿಲ್ಲ. ನಿಧಾನ ಎನ್ನುವುದೇ ಅದರ ಗುಟ್ಟು. ಅರ್ಧ ಲೀಟರ್ ನೀರಿನ ಬಾಟಲಿಯಿಂದ ಶುರು ಮಾಡಿ. ಬಲಗೈಗೆ ಬಳೆ ಹಾಕುತ್ತೀರಲ್ಲ, ಅದೇ ನಿಮ್ಮ ಅಳತೆಪಟ್ಟಿ. ಬಳೆ ಬಿಗಿಯಾದರೆ, ಕೈ ಭಾರವೆನಿಸಿದರೆ ಒಂದು ಹೆಜ್ಜೆ ಹಿಂದೆ ಸರಿದು ನಮ್ಮಂಥವರಿಗೆ ತೋರಿಸಿ. ಕೈ ಕೆಂಪಾಗಿ ಬಿಸಿಯಾದರೆ, ಜ್ವರ ಬಂದರೆ ಅದೇ ದಿನ ಆಸ್ಪತ್ರೆಗೆ. ಈಳಿಗೆಮಣೆಯಲ್ಲಿ ಹೆಚ್ಚುವಾಗ, ಗಿಡದ ಕೆಲಸ ಮಾಡುವಾಗ ಆ ಕೈಗೆ ಗೀರು ಬೀಳದಂತೆ ನೋಡಿಕೊಳ್ಳಿ.

ಮುದ್ದೆಯ ಬಗ್ಗೆ ಬೇರೆಯಾಗಿ ಬರೆಯುತ್ತೇನೆ, ಈಗ ರೋಗಿಗಳು ಕಾಯುತ್ತಿದ್ದಾರೆ.

ಪಥ್ಯಪಾಲಕ, ಕುಣಿಗಲ್ (ಜೂನ್ 9, ಸಂಜೆ 6:30)

ಇಂಗ್ಲಿಷ್ ಅಧ್ಯಯನಗಳು ನಮ್ಮ ದೇಹಕ್ಕೆ ಹೊಂದುವುದಿಲ್ಲ. ನನ್ನ ಪರಿಚಯದ ಒಬ್ಬರು ಗಿಡಮೂಲಿಕೆಯ ಕಷಾಯ ಕೊಡುತ್ತಾರೆ, 21 ದಿನಕ್ಕೆ ಪೂರ್ತಿ ಶಕ್ತಿ. ವಿಳಾಸ ಕೆಳಗೆ ಕೊಟ್ಟಿದ್ದೇನೆ.

ವೇದಿಕೆ ನಿರ್ವಾಹಕ (ಜೂನ್ 9, ಸಂಜೆ 7:10)

ವಿಳಾಸ ಮತ್ತು ಬೆಲೆಪಟ್ಟಿಯನ್ನು ತೆಗೆದುಹಾಕಲಾಗಿದೆ. ಅಭಿಪ್ರಾಯ ಹೇಳಿ, ಅಂಗಡಿ ಹಾಕಬೇಡಿ. ಚಿಕಿತ್ಸೆಯಲ್ಲಿರುವವರು ಡಾಕ್ಟರಿಗೆ ತಿಳಿಸದೆ ಯಾವ ಕಷಾಯವನ್ನೂ ಸೇರಿಸಿಕೊಳ್ಳಬೇಡಿ, ಕೆಲವು ಮೂಲಿಕೆಗಳು ಮಾತ್ರೆಗಳ ಕೆಲಸವನ್ನು ಏರುಪೇರು ಮಾಡುತ್ತವೆ.

ರೈಟ್ ರೈಟ್, ಕೋಲಾರ (ಜೂನ್ 9, ರಾತ್ರಿ 9:00)

ನಿರ್ವಾಹಕರೇ, ನಿಮ್ಮ ಹೆಸರು ನೋಡಿ ನಗು ಬಂತು. ನಾನೂ ನಿರ್ವಾಹಕನೇ, ಬಸ್ಸಿನದು. 23 ವರ್ಷದ ಸೇವೆ, ಹೆಚ್ಚಾಗಿ ಮುಳಬಾಗಿಲು ಮಾರ್ಗ.

ನನ್ನದು ದೊಡ್ಡ ಕರುಳಿನ ಕ್ಯಾನ್ಸರ್. ಕೆಲವು ತಿಂಗಳು ಮಲ ಹೋಗಲು ಹೊಟ್ಟೆಯ ಮೇಲೆ ಚೀಲ ಇತ್ತು, ಆಮೇಲೆ ಕರುಳನ್ನು ಮತ್ತೆ ಒಳಗೆ ಸೇರಿಸಿದರು. ಕೀಮೋ ಇದ್ದಾಗ ತಣ್ಣೀರು ಮುಟ್ಟಿದರೆ ಬೆರಳಿಗೆ ಕರೆಂಟು ಹೊಡೆದಂತಾಗುತ್ತಿತ್ತು. ಅದು ಹೋಯಿತು, ಜೋಮು ಉಳಿಯಿತು. ವಿಚಿತ್ರವೆಂದರೆ ಕೀಮೋ ನಿಂತ ಮೇಲೆ ಎರಡು ತಿಂಗಳು ಜೋಮು ಇನ್ನೂ ಹೆಚ್ಚಾಯಿತು. ಆ ಔಷಧಿಯ ಗುಣವೇ ಅದು ಎಂದು ಆಮೇಲೆ ತಿಳಿಯಿತು. ಮೊದಲೇ ಯಾರಾದರೂ ಹೇಳಿದ್ದರೆ ಅಷ್ಟು ರಾತ್ರಿ ನಿದ್ದೆಗೆಡುತ್ತಿರಲಿಲ್ಲ.

ಓಡುವ ಬಸ್ಸಿನಲ್ಲಿ ಪಾದ ನೆಲ ಮುಟ್ಟಿದೆಯೋ ಇಲ್ಲವೋ ತಿಳಿಯದೆ ನಿಲ್ಲುವುದು ಹೇಗೆ? ಹತ್ತರ ನೋಟು ಒಂದೋ ಎರಡೋ ಬೆರಳಿಗೆ ಗೊತ್ತಾಗುತ್ತಿರಲಿಲ್ಲ, ಸಂಜೆ ಲೆಕ್ಕ ಕೊಡುವಾಗ ಕೈಯಿಂದ ದುಡ್ಡು ಕಟ್ಟಬೇಕು. ಲಘು ಕೆಲಸ ಕೊಡಿ ಎಂದು ಕೇಳಲು ಹೋದರೆ ಮೇಲಿನವರೊಬ್ಬರು "ನೋಡಲು ಚೆನ್ನಾಗಿಯೇ ಇದ್ದೀರಲ್ಲ" ಎಂದರು. ಮೂರು ಸಲ ಪ್ರಮಾಣಪತ್ರ ತಂದ ಮೇಲೆ ಕೌಂಟರಿನಲ್ಲಿ ಕೂರಿಸಿದರು.

ಕೌಂಟರಿನಲ್ಲಿದ್ದ ಒಂಬತ್ತು ತಿಂಗಳು ನಾನು ಮಾಡಿದ್ದು ಇಷ್ಟು. ಅಡುಗೆಮನೆಯ ಕಟ್ಟೆ ಹಿಡಿದು ಒಂಟಿ ಕಾಲಿನಲ್ಲಿ ನಿಲ್ಲುವುದು, ಮೊದಲು ಎರಡು ಕೈ, ಆಮೇಲೆ ಒಂದು ಕೈ, ಆಮೇಲೆ ಒಂದು ಬೆರಳು. ಅಕ್ಕಿಯ ಡಬ್ಬಿಯೊಳಗೆ ಐದು ನಾಣ್ಯ ಹಾಕಿ ಕಣ್ಣು ಮುಚ್ಚಿ ಹುಡುಕುವುದು. ರಾತ್ರಿ ಕನ್ನಡಿ ಹಿಡಿದು ಅಂಗಾಲು ನೋಡಿಕೊಳ್ಳುವುದು. ಇದನ್ನೇಕೆ ಹೇಳುತ್ತೇನೆಂದರೆ ಚೈತ್ರದಲ್ಲಿ ಒಂದು ದೇವಸ್ಥಾನದ ಕಲ್ಲುಹಾಸಿನ ಮೇಲೆ ಮಧ್ಯಾಹ್ನ ಪ್ರದಕ್ಷಿಣೆ ಹಾಕಿದೆ. ಬಿಸಿ ಗೊತ್ತಾಗಲಿಲ್ಲ. ಮನೆಗೆ ಬಂದಾಗ ಎರಡೂ ಪಾದದಲ್ಲಿ ಗುಳ್ಳೆ. ಜೋಮು ಇರುವವರು ಬಿಸಿನೀರನ್ನು ಮೊಣಕೈಯಿಂದ ಮುಟ್ಟಿ ನೋಡಿ, ದೇವಸ್ಥಾನಕ್ಕೆ ಬೆಳಿಗ್ಗೆ ಹೋಗಿ. ದೇವರು ಬೇಸರಪಟ್ಟುಕೊಳ್ಳುವುದಿಲ್ಲ.

ಈಗ ಮತ್ತೆ ಬಸ್ಸಿನಲ್ಲಿದ್ದೇನೆ. ಜೋಮು ಮುಕ್ಕಾಲು ಹೋಗಿದೆ. ಉಳಿದ ಕಾಲು ಭಾಗ ನಿವೃತ್ತಿಯವರೆಗೂ ಜೊತೆಗಿರಬಹುದು.

ಗೋಡೆಯ ಗೆರೆ, ತುಮಕೂರು (ಜೂನ್ 10, ಬೆಳಿಗ್ಗೆ 7:20)

ರೈಟ್ ರೈಟ್ ಅಣ್ಣ, ನಾಣ್ಯದ ಉಪಾಯವನ್ನು ನಾನು ಕದಿಯುತ್ತೇನೆ. ನಿಮಗೊಂದು ಸುದ್ದಿಯೂ ಇದೆ. ದೊಡ್ಡ ಕರುಳಿನ ಕ್ಯಾನ್ಸರಿಗೆ ಆಪರೇಷನ್, ಕೀಮೋ ಮುಗಿಸಿದ 889 ಮಂದಿಯನ್ನು ಎರಡು ಗುಂಪು ಮಾಡಿ ನೋಡಿದ ಅಧ್ಯಯನ 2025ರಲ್ಲಿ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್‌ನಲ್ಲಿ ಪ್ರಕಟವಾಯಿತು. ಒಂದು ಗುಂಪಿಗೆ ಆರೋಗ್ಯ ಸಲಹೆಯ ಪುಸ್ತಿಕೆ ಮಾತ್ರ, ಇನ್ನೊಂದಕ್ಕೆ ಅದರ ಜೊತೆಗೆ ಮೂರು ವರ್ಷಗಳ ಕಾಲ ಬೆನ್ನುಬಿದ್ದು ಮಾಡಿಸಿದ ವ್ಯಾಯಾಮ. ಎಂಟು ವರ್ಷದ ಹೊತ್ತಿಗೆ ವ್ಯಾಯಾಮದ ಗುಂಪಿನಲ್ಲಿ ನೂರಕ್ಕೆ 90 ಮಂದಿ ಬದುಕಿದ್ದರು, ಇನ್ನೊಂದರಲ್ಲಿ 83. ಇದು ಆ ಒಂದು ಕ್ಯಾನ್ಸರಿನ ಮಾತು, ಎಲ್ಲದಕ್ಕೂ ಎಳೆದು ಹೊದಿಸಬಾರದು. ಆದರೂ ಬಸ್ಸಿನಿಂದ ಇಳಿದ ಮೇಲೆ ಮನೆಗೆ ಆಟೋದಲ್ಲಿ ಹೋಗಬೇಡಿ.

ಅಮ್ಮಾ, ಮುದ್ದೆಗೆ ಬರೋಣ. ಬಾಗಿದ ಬೆನ್ನು, ಅದುಮುವ ಭುಜ, ತಿರುಗುವ ಮಣಿಕಟ್ಟು, ಮೇಲಿನಿಂದ ಮುಖಕ್ಕೂ ಕೈಗೂ ಹೊಡೆಯುವ ಹಬೆ. ಏಳು ಜನರ ಮುದ್ದೆಯೆಂದರೆ ಅದು ಗರಡಿಮನೆಯ ಕೆಲಸ. ಇಂದೇ ಒಲೆಯ ಮುಂದೆ ಕೂರಬೇಡಿ. ಅರ್ಧ ಬಕೆಟ್ ತಣ್ಣೀರು ತೆಗೆದುಕೊಂಡು ಅದರಲ್ಲಿ ಮುದ್ದೆಕೋಲು ಇಟ್ಟು ತಿರುವಿ. ಬಲಕ್ಕೆ ಹತ್ತು, ಎಡಕ್ಕೆ ಹತ್ತು. ನೋಡಿದವರು ನಗಲಿ. ಕೈ ಒಗ್ಗಿದ ಮೇಲೆ ನೀರು ಬಕೆಟ್ ತುಂಬ, ಆಮೇಲೆ ಒಬ್ಬರಿಗಾಗುವಷ್ಟು ಹಿಟ್ಟು. ಆ ಕೈಗೆ ಹಬೆಯಿಂದ ಸುಟ್ಟರೆ ಬಾವು ಬರುವ ಅಪಾಯ ಹೆಚ್ಚು, ಆದ್ದರಿಂದ ಉದ್ದನೆಯ ಕೋಲು, ಉದ್ದ ತೋಳಿನ ಹತ್ತಿ ಬಟ್ಟೆ ಇರಲಿ.

ಜೊತೆಗೆ ಕುರ್ಚಿಯಿಂದ ಕೈಯೂರದೆ ಎದ್ದು ಕೂರುವುದನ್ನು ಮಾಡಿ. 30 ಸೆಕೆಂಡಿನಲ್ಲಿ ಎಷ್ಟು ಸಲ ಎಂದು ಬರೆದಿಡಿ. 60ರಿಂದ 64ರ ಹೆಂಗಸರಿಗೆ 12ಕ್ಕಿಂತ ಕಡಿಮೆಯಾದರೆ ಕಾಲಿನ ಬಲ ಸಾಲದು ಎಂದು ಲೆಕ್ಕ. ನೀವು ಇನ್ನೂ ಚಿಕ್ಕವರು.

ಮುದ್ದೆಕೋಲು, ತುಮಕೂರು (ಜೂನ್ 10, ರಾತ್ರಿ 8:45)

ಎದ್ದೆ ಮೇಡಂ. 4 ಸಲ. ಐದನೆಯದಕ್ಕೆ ಕುರ್ಚಿಯೇ ನನ್ನ ಜೊತೆ ಎದ್ದಿತು.

ಗೋಡೆಯ ಮೇಲೆ ಗೆರೆ ಎಳೆದಿದ್ದೇನೆ. ಸುಣ್ಣ ಹೊಡೆಸಿ ಎರಡು ತಿಂಗಳಾಗಿಲ್ಲ ಎಂದು ಮಗನಿಗೆ ಸಂಕಟ.

ಗುಬ್ಬಿಯಣ್ಣ, ನಿಮ್ಮ ಕಡ್ಡಿಯ ಲೆಕ್ಕ ಓದಿ ಮನಸ್ಸಿಗೆ ಧೈರ್ಯ ಬಂತು. ಊಟ ಏನು ಮಾಡುತ್ತೀರಿ ಈಗ?

ಗುಬ್ಬಿ ತೋಟ (ಜೂನ್ 11, ಬೆಳಿಗ್ಗೆ 6:00)

ಮುದ್ದೆಯೇ, ಅಕ್ಕ! ರೊಟ್ಟಿ, ಚಪಾತಿ ಅಗಿಯಲು ಬಾಯಿ ಸಾಲದು. ಮುದ್ದೆಯನ್ನು ಯಾರು ಅಗಿಯುತ್ತಾರೆ? ಕರೆಂಟಿನಿಂದ ಜೊಲ್ಲು ಬತ್ತಿದೆ, ಹಾಗಾಗಿ ಗೋಲಿಯಷ್ಟು ಚೂರು ಮುರಿದು ಸಾರಿನಲ್ಲಿ ಮುಳುಗಿಸಿ ನುಂಗುತ್ತೇನೆ. ನುಂಗುವುದನ್ನೂ ಆಸ್ಪತ್ರೆಯಲ್ಲಿ ಹೊಸದಾಗಿ ಕಲಿಸಿದರು, ಗದ್ದವನ್ನು ಎದೆಗೆ ತಾಗಿಸಿ ನುಂಗಬೇಕು, ಇಲ್ಲದಿದ್ದರೆ ನನಗೆ ಕೆಮ್ಮು ಬರುತ್ತದೆ. ಇದು ನನಗೆ ಹೇಳಿದ್ದು, ಬೇರೆಯವರು ತಮ್ಮ ಡಾಕ್ಟರನ್ನು ಕೇಳಿಯೇ ಮಾಡಬೇಕು.

ಆದರೆ ಬರೀ ಮುದ್ದೆಯಿಂದ ಮಾಂಸ ಕಟ್ಟುವುದಿಲ್ಲ ಎಂದು ಅಲ್ಲಿನ ಆಹಾರದ ಮೇಡಂ ಲೆಕ್ಕ ಹಾಕಿ ತೋರಿಸಿದರು. 100 ಗ್ರಾಂ ರಾಗಿಯಲ್ಲಿ ಸುಮಾರು 7 ಗ್ರಾಂ ಪ್ರೋಟೀನು. ಅಷ್ಟೇ ಹುರುಳಿಕಾಳಿನಲ್ಲಿ ಅದರ ಮೂರರಷ್ಟು. ಒಂದು ಮೊಟ್ಟೆಯಲ್ಲಿ 6. 50 ಕೆಜಿ ತೂಕದವನಿಗೆ ದಿನಕ್ಕೆ 50ರಿಂದ 75 ಗ್ರಾಂ ಬೇಕಂತೆ. ಆಗ ನಾನು ಮೂರು ಹೊತ್ತು ಗಂಜಿ ಕುಡಿದು 20 ಸಹ ಮುಟ್ಟುತ್ತಿರಲಿಲ್ಲ. ಅಂದಿನಿಂದ ಬೆಳಿಗ್ಗೆ ಹಾಲಿಗೆ ಹುರಿಹಿಟ್ಟು, ಮಧ್ಯಾಹ್ನ ಹುರುಳಿಕಾಳಿನ ಬಸ್ಸಾರು, ಎರಡು ಮೊಟ್ಟೆ, ಸಂಜೆ ನುಣ್ಣಗೆ ಅರೆದ ಕಡಲೆಕಾಯಿ. ನಂಜು ಆಗಲಿಲ್ಲ ಪಥ್ಯದ ಸ್ವಾಮಿಗಳೇ. 62 ಕೆಜಿಗೆ ಬಂದಿದ್ದೇನೆ.

ಬಾಯಿಗೆ ಕರೆಂಟು ತೆಗೆದುಕೊಂಡವರಿಗೆ ಇನ್ನೊಂದು ಮಾತು. ಹಲ್ಲು ನೋಯಿತೆಂದು ಸಿಕ್ಕಲ್ಲಿ ಕೀಳಿಸಬೇಡಿ. ದವಡೆಯ ಮೂಳೆ ಮಾಯದೆ ಹೋಗಬಹುದು. ಕ್ಯಾನ್ಸರ್ ಡಾಕ್ಟರನ್ನು ಕೇಳಿ.

ಚಿಂತಾಮಣಿ ಹುಡುಗಿ (ಜೂನ್ 11, ಬೆಳಿಗ್ಗೆ 10:30)

ಗುಬ್ಬಿ ಅಂಕಲ್, ತಪ್ಪು ತಿಳಿಯಬೇಡಿ. ನಿಮ್ಮ ತೋಟದಲ್ಲಿ ಏನು ಬೆಳೆಯುತ್ತೀರಿ?

ಗುಬ್ಬಿ ತೋಟ (ಜೂನ್ 11, ರಾತ್ರಿ 8:10)

ಅಡಿಕೆ. ಕೇಳುತ್ತೀಯೆಂದು ಗೊತ್ತಿತ್ತು ಮಗಳೇ.

ತಂಬಾಕು ಹಾಕಿದವನಲ್ಲ ನಾನು. ಸ್ವಂತ ಗಿಡದ ಅಡಿಕೆ, 30 ವರ್ಷ ಜಗಿದೆ. ಬರೀ ಅಡಿಕೆಯಿಂದಲೂ ಕ್ಯಾನ್ಸರ್ ಬರುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗ 2004ರಲ್ಲೇ ಹೇಳಿದೆಯಂತೆ. ನನಗೆ ತಿಳಿದದ್ದು ಹಾಸಿಗೆಯ ಮೇಲೆ. ಜಗಿಯುವುದನ್ನು ಬಿಟ್ಟೆ, ಮಾರುವುದನ್ನು ಬಿಟ್ಟಿಲ್ಲ. ಆ ದುಡ್ಡಿನಲ್ಲೇ ಚಿಕಿತ್ಸೆ ನಡೆಯಿತು. ಇದಕ್ಕೆ ಏನು ಹೇಳಬೇಕೋ ನನಗೆ ತಿಳಿಯದು. ಬದುಗಳಲ್ಲಿ ತೆಂಗು, ನುಗ್ಗೆ ಹಾಕುತ್ತಿದ್ದೇನೆ.

ಮಧುಗಿರಿ ಸೊಸೆ (ಜೂನ್ 14, ಮಧ್ಯಾಹ್ನ 3:30)

ನಾಲ್ಕು ದಿನದಿಂದ ಬರೆಯಲೋ ಬೇಡವೋ ಎಂದು ಯೋಚಿಸಿದೆ. ಮುದ್ದೆಕೋಲು ಅಮ್ಮನವರ ಸೊಸೆ ಇಲ್ಲಿಲ್ಲ, ಅವರ ಪರವಾಗಿ ನಾನು ಹೇಳುತ್ತೇನೆ. ನನ್ನ ಅತ್ತೆಗೂ ಸ್ತನದ ಕ್ಯಾನ್ಸರ್, ಮೂರು ವರ್ಷದ ಹಿಂದೆ.

ಲೋಟ ಕಿತ್ತುಕೊಳ್ಳುತ್ತಾಳೆ ಎಂದಿರಿ. ನಾನೂ ಕಿತ್ತುಕೊಳ್ಳುತ್ತಿದ್ದೆ. ಮೊದಲನೆಯ ಕಾರಣ ಹೆದರಿಕೆ. ನಾಲ್ಕನೆಯ ಕೀಮೋ ಆದಾಗ ಅತ್ತೆ ಬಚ್ಚಲಲ್ಲಿ ಬಿದ್ದರು, ಒಳಗಿನಿಂದ ಚಿಲಕ ಹಾಕಿತ್ತು, ಬಾಗಿಲು ಒಡೆದು ತೆಗೆದೆವು. ಆ ಸದ್ದು ಈಗಲೂ ಕಿವಿಯಲ್ಲಿದೆ. ಎರಡನೆಯ ಕಾರಣವನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಅತ್ತೆ ಒಮ್ಮೆ ಅಂಗಳ ಗುಡಿಸಿದ್ದಕ್ಕೆ ಎದುರುಮನೆಯವರು "ಕ್ಯಾನ್ಸರ್ ಬಂದ ಮುದುಕಿಯ ಕೈಲಿ ಕಸ ಹೊಡೆಸುತ್ತಾಳೆ" ಎಂದು ಬೀದಿಗೆಲ್ಲ ಸಾರಿದರು. ಆ ಮಾತು ನನ್ನ ತವರಿನವರೆಗೂ ಹೋಯಿತು. ಮಗ ಮನೆಗೆಲಸ ಮಾಡಿಸಿದರೆ ವ್ಯಾಯಾಮ, ಸೊಸೆ ಮಾಡಿಸಿದರೆ ಚಿತ್ರಹಿಂಸೆ.

ಅದು ಬಗೆಹರಿದದ್ದು ಅತ್ತೆಯಿಂದಲೇ. ಒಂದು ದಿನ ಅವರೇ ಎದುರುಮನೆಗೆ ಹೋಗಿ, "ಡಾಕ್ಟರು ನನಗೆ ಪೊರಕೆ ಬರೆದುಕೊಟ್ಟಿದ್ದಾರೆ, ದಿನಕ್ಕೆ ಎರಡು ಹೊತ್ತು" ಎಂದು ಹೇಳಿ ಬಂದರು.

ಅಮ್ಮ, ನಿಮ್ಮ ಸೊಸೆಯ ಜೊತೆ ಕುಳಿತು ಮಾತನಾಡಿ. ಯಾವುದು ನಿಮ್ಮ ಕೆಲಸ, ಯಾವುದಕ್ಕೆ ಅವರು ಪಕ್ಕದಲ್ಲಿರಬೇಕು, ಯಾವುದನ್ನು ಸದ್ಯಕ್ಕೆ ಮುಟ್ಟುವುದಿಲ್ಲ ಎಂದು ನೀವೇ ಹೇಳಿ. ಬಚ್ಚಲಿಗೆ ಹಿಡಿದುಕೊಳ್ಳಲು ಗೋಡೆಗೊಂದು ಕಂಬಿ, ಕೂರಲು ಪ್ಲಾಸ್ಟಿಕ್ ಸ್ಟೂಲು, ಕಾಲಡಿಗೆ ಜಾರದ ಮ್ಯಾಟು ಹಾಕಿಸಿ. ಚಿಲಕವನ್ನು ಹೊರಗಿನಿಂದಲೂ ತೆಗೆಯಬಹುದಾದ ಥರದ್ದು ಮಾಡಿಸಿದೆವು ನಾವು.

ಮುದ್ದೆಕೋಲು, ತುಮಕೂರು (ಜೂನ್ 15, ಬೆಳಿಗ್ಗೆ 11:00)

ಮಗಳೇ, ನಿನ್ನ ಬರಹವನ್ನು ಮೂರು ಸಲ ಓದಿದೆ. ನಮ್ಮ ಬೀದಿಯಲ್ಲೂ ಅಂಥ ಬಾಯಿಗಳಿವೆ. ಈ ದಿಕ್ಕಿನಿಂದ ನಾನು ಯೋಚಿಸಿಯೇ ಇರಲಿಲ್ಲ. ರಾತ್ರಿ ಅವಳನ್ನು ಕೂರಿಸಿ ಕೇಳಿದೆ. ಅತ್ತಳು. ನಾನೂ ಅತ್ತೆ. ಮಗ ಏನಾಯಿತೆಂದು ಓಡಿ ಬಂದ. ಅವನನ್ನು ಇಬ್ಬರೂ ಸೇರಿ ಬೈದು ಕಳಿಸಿದೆವು.

ಒಪ್ಪಂದ ಹೀಗಾಗಿದೆ. ಬೆಳಗಿನ ರಂಗೋಲಿ ನನ್ನದು, ಬೀದಿಯವರೆಲ್ಲ ನೋಡುವಂತೆ. ಸೊಪ್ಪು ಬಿಡಿಸುವುದು, ಅವರೆಕಾಳು ಹಿಚುಕುವುದು ನನ್ನದು. ಗ್ಯಾಸ್ ಸಿಲಿಂಡರು, ನೀರಿನ ಕೊಡ ಮುಟ್ಟುವುದಿಲ್ಲ. ಮುದ್ದೆಕೋಲು ಸದ್ಯಕ್ಕೆ ಬಕೆಟ್ಟಿನಲ್ಲಿ.

ಚಿಂತಾಮಣಿ ಹುಡುಗಿ (ಜೂನ್ 22, ರಾತ್ರಿ 11:15)

ನನಗೆ 22. ಲಿಂಫೋಮ, ಅಂದರೆ ದುಗ್ಧಗ್ರಂಥಿಗಳ ಕ್ಯಾನ್ಸರ್ ಇತ್ತು, ಚಿಕಿತ್ಸೆ ಮುಗಿದು ಒಂದು ವರ್ಷ. ಮೈ ಸರಿಯಾಗಿದೆ, ತಲೆ ಸರಿಯಾಗಿಲ್ಲ. ಪುಟ ಓದಿ ತಿರುವಿದರೆ ಹಿಂದಿನದು ಮರೆತಿರುತ್ತದೆ. ಒಲೆಯ ಮೇಲೆ ಹಾಲಿಟ್ಟು ಎರಡು ಸಲ ಪಾತ್ರೆ ಸುಟ್ಟೆ. ಅಮ್ಮ ಇದನ್ನು ಮೊಬೈಲ್ ದೋಷ ಎನ್ನುತ್ತಾರೆ.

ಗೋಡೆಯ ಗೆರೆ, ತುಮಕೂರು (ಜೂನ್ 23, ಬೆಳಿಗ್ಗೆ 7:00)

ದೋಷ ಮೊಬೈಲಿನದಲ್ಲ. ಕೀಮೋ ಮಂಪರು ಎಂದು ನಾವು ಕರೆಯುತ್ತೇವೆ, ಬಹಳ ಜನರಿಗೆ ಬರುತ್ತದೆ, ಹೆಚ್ಚಿನವರಲ್ಲಿ ನಿಧಾನವಾಗಿ ತಿಳಿಯಾಗುತ್ತದೆ. ಒಂದು ಸಲಕ್ಕೆ ಒಂದೇ ಕೆಲಸ. 20 ನಿಮಿಷ ಓದು, ಎದ್ದು ಐದು ನಿಮಿಷ ನಡೆ, ಓದಿದ್ದನ್ನು ಗಟ್ಟಿಯಾಗಿ ಅಮ್ಮನಿಗೆ ಹೇಳು. ಹಾಲಿಗೆ ಅಲಾರಾಂ ಇಡು, ಮೊಬೈಲಿಗೂ ಒಂದು ಒಳ್ಳೆಯ ಹೆಸರು ಬರಲಿ. ನಿದ್ದೆ ಕೆಟ್ಟಿದ್ದರೆ ಮೊದಲು ಅದನ್ನು ಸರಿಮಾಡಿಕೊ. ರಾತ್ರಿ 11:15ಕ್ಕೆ ಬರೆಯುತ್ತಿದ್ದೀಯ ಎಂಬುದನ್ನು ನೋಡಿದೆ.

ಮುದ್ದೆಕೋಲು, ತುಮಕೂರು (ಜುಲೈ 16, ಸಂಜೆ 5:20)

ವರದಿ ಒಪ್ಪಿಸುತ್ತೇನೆ. ರಕ್ತ ಪರೀಕ್ಷೆ ಮಾಡಿಸಿದೆ, ಹಿಮೋಗ್ಲೋಬಿನ್ 9.4 ಇತ್ತು, ಅದಕ್ಕೆ ಮಾತ್ರೆ ಕೊಟ್ಟರು. ಕುರ್ಚಿಯಿಂದ 9 ಸಲ. ಗೋಡೆಯ ಗೆರೆ ಸ್ವಿಚ್‌ಬೋರ್ಡ್ ದಾಟಿ ಕ್ಯಾಲೆಂಡರಿನ ಮೊಳೆ ಮುಟ್ಟಿದೆ. ಮಧ್ಯೆ ಒಂದು ವಾರ ಎಲ್ಲ ಹಾಳಾಯಿತು. ಒಂದು ದಿನ ಮೈ ಹಗುರವೆನಿಸಿತೆಂದು ಇಡೀ ಕಪಾಟು ತೆಗೆದು ಜೋಡಿಸಿದೆ. ಮರುದಿನ ಬಳೆ ಬಿಗಿಯಾಯಿತು, ಮೂರು ದಿನ ಹಾಸಿಗೆ. ಫಿಸಿಯೋ ಮೇಡಂ ಒಬ್ಬರು ಕೈ ಅಳೆದು, ನೀವಿ, ಬಿಗಿ ತೋಳುಚೀಲ ಬರೆದುಕೊಟ್ಟರು. "ಚೆನ್ನಾಗಿರುವ ದಿನವೇ ಹುಷಾರಾಗಿರಬೇಕು" ಎಂದು ಬೈದರು.

ಇನ್ನೊಂದು ಸಂಗತಿ. ಮೂರು ತಿಂಗಳ ತಪಾಸಣೆಗೆ ಬೆಂಗಳೂರಿಗೆ ಒಬ್ಬಳೇ ಹೋಗಿ ಬಂದೆ. ಸರ್ಕಾರಿ ಬಸ್ಸಿನಲ್ಲಿ, ಶಕ್ತಿ ಯೋಜನೆಯ ಟಿಕೆಟ್ಟಿನಲ್ಲಿ. ಸೊನ್ನೆ ರೂಪಾಯಿಯ ಆ ಚೀಟಿಯ ಮೇಲೆ ಶಕ್ತಿ ಎಂದು ಬರೆದಿದ್ದನ್ನು ನೋಡಿ ಒಬ್ಬಳೇ ನಕ್ಕೆ. ಬಲಗೈಯಿಂದ ಮೇಲಿನ ಕಂಬಿ ಹಿಡಿದೆ. ಮಗ ಅರ್ಧ ಗಂಟೆಗೊಮ್ಮೆ ಫೋನು ಮಾಡಿದ. ದಾಬಸ್‌ಪೇಟೆ ದಾಟಿದ ಮೇಲೆ ನಾನೇ ಫೋನು ಮುಚ್ಚಿಟ್ಟೆ.

ರೈಟ್ ರೈಟ್, ಕೋಲಾರ (ಜುಲೈ 16, ರಾತ್ರಿ 9:30)

ನನ್ನ ಬಸ್ಸಿಗೆ ಬನ್ನಿ ಅಮ್ಮ, ಕಿಟಕಿ ಪಕ್ಕ ಸೀಟು ಬಿಡಿಸಿಕೊಡುತ್ತೇನೆ. ಕಂಬಿ ಹಿಡಿಯುವ ವ್ಯಾಯಾಮವನ್ನು ನಿಂತ ಬಸ್ಸಿನಲ್ಲಿ ಮಾಡಿ.

ಗುಬ್ಬಿ ತೋಟ (ಜುಲೈ 17, ಬೆಳಿಗ್ಗೆ 6:10)

ಗಂಡಸರಿಗೆ ಆ ಸೊನ್ನೆ ಚೀಟಿ ಇಲ್ಲ, ಆದರೆ ರೈಲಿನಲ್ಲಿ ಕ್ಯಾನ್ಸರ್ ರೋಗಿಗಳಿಗೆ ಚಿಕಿತ್ಸೆಗೆ, ತಪಾಸಣೆಗೆ ಹೋಗುವಾಗ ರಿಯಾಯಿತಿ ಇದೆ. ಆಸ್ಪತ್ರೆಯವರು ಸಹಿ ಮಾಡಿದ ನಮೂನೆ ಬೇಕು. ನಾನು ಹಾಗೆಯೇ ಹೋಗುವುದು.

ಮುದ್ದೆಕೋಲು, ತುಮಕೂರು (ಆಗಸ್ಟ್ 11, ರಾತ್ರಿ 9:15)

ವರಮಹಾಲಕ್ಷ್ಮಿ ಹಬ್ಬ ಕಳೆದು ಮೂರು ದಿನ. ಮನೆಯಲ್ಲಿ ಎಲ್ಲರಿಗೂ ಹೋಳಿಗೆ ಸಾಕಾಗಿತ್ತು. ಇಂದು ಮುದ್ದೆ ಮಾಡುತ್ತೇನೆ ಎಂದೆ. ಏಳು ಜನರದ್ದಲ್ಲ. ನನಗೆ, ನಮ್ಮ ಯಜಮಾನರಿಗೆ, ಸೊಸೆಗೆ. ಉದ್ದ ತೋಳಿನ ರವಿಕೆ ಹಾಕಿದೆ. ಅವಳು ಪಾತ್ರೆ ಹಿಡಿದಳು, ನಾನು ಕೋಲು ಹಿಡಿದೆ. ಎಂಟು ಸುತ್ತಿಗೆ ಭುಜ ಉರಿಯಿತು, ನಿಲ್ಲಿಸಿದೆ, ಉಸಿರು ತೆಗೆದುಕೊಂಡೆ, ಮತ್ತೆ ತಿರುವಿದೆ. ಅಷ್ಟರಲ್ಲಿ ಹಿಟ್ಟು ಬಿಗಿದುಕೊಂಡಿತ್ತು.

ಗಂಟಾಯಿತು. ಬಟಾಣಿ ಗಾತ್ರದವು, ಹತ್ತಾರು. ಕಳೆದ ವರ್ಷ ಗಂಟು ಎಂಬ ಮಾತು ಕೇಳಿದರೆ ಎದೆ ಝಲ್ಲೆನ್ನುತ್ತಿತ್ತು. ಇಂದು ತಟ್ಟೆಯ ತುಂಬ ಗಂಟು. ಯಜಮಾನರು ಒಂದೊಂದನ್ನೇ ಆರಿಸಿ ತಟ್ಟೆಯ ಅಂಚಿಗೆ ಸಾಲಾಗಿ ಇಟ್ಟರು, ಬಾಯಿಬಿಡಲಿಲ್ಲ. ಸೊಸೆ ಮಾತ್ರ, "ಅತ್ತೆ, 30 ವರ್ಷ ನೀವು ನನಗೆ ಹೇಳಿಕೊಡಬೇಕಾಗಿದ್ದನ್ನು ಇನ್ನು ನಾನು ಹೇಳಿಕೊಡಬೇಕೇನು?" ಎಂದಳು. ಅವಳು ಬಂದು ಆರು ವರ್ಷವಾಗಿದೆ, ಲೆಕ್ಕ ನನ್ನಂತೆಯೇ ಧಾರಾಳ.

ಬಳೆ ಸಡಿಲವಾಗಿಯೇ ಇದೆ, ಈಗ ತಾನೆ ನೋಡಿಕೊಂಡೆ. ನಾಡಿದ್ದು ಮತ್ತೆ ತಿರುವುತ್ತೇನೆ. ಗುಬ್ಬಿಯಣ್ಣ, ಈ ಕಡೆ ಬಂದರೆ ಊಟಕ್ಕೆ ಬನ್ನಿ.

ಗುಬ್ಬಿ ತೋಟ (ಆಗಸ್ಟ್ 12, ಬೆಳಿಗ್ಗೆ 5:55)

ಬರುತ್ತೇನೆ ಅಕ್ಕ, ದೀಪಾವಳಿ ಕಳೆಯಲಿ. ಗಂಟಿರುವ ಮುದ್ದೆ ನನ್ನ ಗಂಟಲಲ್ಲಿ ಇಳಿಯುವುದಿಲ್ಲ.